ಅಪ್ಪನ ಸ್ಪ್ಲೆಂಡರ್‌ಗೆ ಬ್ಯಾಟರಿ ಲೈಟು: ಮ್ಯಾಗ್ನೆಟ್ ಬಿಚ್ಚಿ ಮಾಡಿಸಿದ ಕೆಲಸ ಹೇಗಿದೆ

ಆಗುಂಬೆ ಘಾಟಿ ಇಳಿಯುವಾಗ ಬೆಳಕು ಜಾಸ್ತಿ ಬೇಕಾಗುವುದು ತಿರುವಿನಲ್ಲಿ. ಹಳೆ ಗಾಡಿಯ ಲೈಟು ಕೈ ಕೊಡುವುದೂ ಸರಿಯಾಗಿ ಅಲ್ಲೇ. ಒಟ್ಟು 14 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ಆಕ್ಸಿಲೇಟರ್ ಬಿಡಬೇಕು, ಗೇರ್ ಇಳಿಸಬೇಕು. ಇಂಜಿನ್ ಸ್ಲೋ ಆದ ಕೂಡಲೇ ಹೆಡ್‌ಲೈಟು ಕೆಂಪಗಾಗಿ ಚಿಮಣಿ ಬುಡ್ಡಿ ಹಾಗೆ ಆಗಿಬಿಡುತ್ತದೆ. ತಿರುವು ದಾಟಿ ರೈಸ್ ಮಾಡಿದ ಮೇಲೆ ಮತ್ತೆ ಬೆಳಕು. ಅಷ್ಟೊತ್ತಿಗೆ ರಸ್ತೆ ನೇರ ಆಗಿರುತ್ತದೆ.

ನಮ್ಮದು 1999ರ ಹೀರೋ ಹೋಂಡಾ ಸ್ಪ್ಲೆಂಡರ್. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ತೆಗೆದುಕೊಂಡ ಗಾಡಿ. ಇಂಜಿನ್ ಇವತ್ತಿಗೂ ಗಟ್ಟಿ. ತೋಟಕ್ಕೆ, ಪೇಟೆಗೆ, ಹೆಬ್ರಿಯಲ್ಲಿರುವ ತಂಗಿ ಮನೆಗೆ ಎಲ್ಲದಕ್ಕೂ ಇದೇ. ಮಾರುವ ಯೋಚನೆ ಮನೆಯಲ್ಲಿ ಯಾರಿಗೂ ಇಲ್ಲ. ಆದರೆ ರಾತ್ರಿ ತೀರ್ಥಹಳ್ಳಿಯಿಂದ ಹೆಬ್ರಿಗೆ ಹೋಗುವುದು ಅಂದರೆ ನನಗೆ ಹೆದರಿಕೆ ಶುರುವಾಗಿತ್ತು. ಈ ಏಪ್ರಿಲ್‌ನಲ್ಲಿ ಲೈಟನ್ನು ಪೂರ್ತಿ ಬ್ಯಾಟರಿಗೆ ಬದಲಾಯಿಸಿದೆ. ಒಂದು ಇಡೀ ಮಳೆಗಾಲ ಓಡಿಸಿ ಆಗಿದೆ. ಇಂಥದ್ದೇ ಹಳೆ ಗಾಡಿ ಇಟ್ಟುಕೊಂಡವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಲೈಟು ಯಾಕೆ ಹೀಗೆ ಮಂಕಾಗುತ್ತದೆ ಅಂತ ಹೇಳಿಬಿಡುತ್ತೇನೆ. ಇದು ಗೊತ್ತಿದ್ದರೆ ಯಾರೂ ನಿಮಗೆ ಅರ್ಧಂಬರ್ಧ ಕೆಲಸ ಮಾಡಿಕೊಡಲು ಆಗುವುದಿಲ್ಲ. ಇಂಜಿನ್ ಎಡಗಡೆ ಕವರ್ ಒಳಗೆ ಮ್ಯಾಗ್ನೆಟ್ ತಿರುಗುತ್ತದೆ. ಅದರ ಒಳಗೆ ಕಾಯಿಲ್‌ಗಳು ಕೂತಿರುತ್ತವೆ. ಮ್ಯಾಗ್ನೆಟ್ ಜೋರಾಗಿ ತಿರುಗಿದಷ್ಟೂ ಕರೆಂಟ್ ಜಾಸ್ತಿ. ಹಳೆ ಸ್ಪ್ಲೆಂಡರ್‌ನಲ್ಲಿ ಲೈಟಿನ ಕಾಯಿಲ್‌ನಿಂದ ಎರಡು ವಯರ್ ಹೊರಗೆ ಬರುತ್ತವೆ. ಬಿಳಿ ವಯರ್ ಬ್ಯಾಟರಿ ಚಾರ್ಜಿಂಗಿಗೆ, ಹಳದಿ ವಯರ್ ನೇರ ಲೈಟಿಗೆ. ಹೆಡ್‌ಲೈಟು, ಹಿಂದಿನ ದೀಪ, ಮೀಟರ್ ದೀಪ ಎಲ್ಲ ಈ ಹಳದಿಯಲ್ಲಿ ಬರುವ ಎಸಿ ಕರೆಂಟಿನ (ಅಲೆ ಹಾಗೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಮೇಲೆ ಉರಿಯುತ್ತವೆ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟು ಮಾತ್ರ ಬ್ಯಾಟರಿ ಮೇಲೆ. ಹಾಗಾಗಿ ಬ್ಯಾಟರಿ ಎಷ್ಟೇ ಹೊಸದಿರಲಿ, ಹೆಡ್‌ಲೈಟಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಕಂಪನಿಯವರು ಹೀಗೆ ಮಾಡಿದ್ದರಲ್ಲಿ ಅರ್ಥ ಇತ್ತು, ಅದನ್ನೂ ಹೇಳಬೇಕು. ಬ್ಯಾಟರಿ ಸತ್ತು ವರ್ಷವಾದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಲೈಟು ಉರಿಯುತ್ತದೆ. ಬ್ಯಾಟರಿಗೆ ನೀರು ಹಾಕಲು ಯಾರೂ ನೆನಪಿಟ್ಟುಕೊಳ್ಳದ ಕಾಲಕ್ಕೆ ಅದು ಸರಿಯಾದ ಏರ್ಪಾಡು. ಸಣ್ಣ ಬ್ಯಾಟರಿ ಸಾಕಾಗುತ್ತಿತ್ತು, 12 ವೋಲ್ಟ್, 2.5 ಆಂಪಿಯರ್ ಅವರ್. ಈಗ ಕಾಲ ಬೇರೆ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಚಾಲೂ ಇದ್ದಷ್ಟು ಹೊತ್ತೂ ಹೆಡ್‌ಲೈಟು ಉರಿಯಲೇಬೇಕು. ಎದುರಿಂದ ಬರುವ ಗಾಡಿಗಳೆಲ್ಲ ಕಣ್ಣು ಕುಕ್ಕುವಷ್ಟು ಬೆಳಕು ಬಿಡುತ್ತವೆ. ಅವುಗಳ ಮುಂದೆ ನಮ್ಮ ಗಾಡಿಯ ದೀಪ ಇದೆಯೋ ಇಲ್ಲವೋ ಅನ್ನುವ ಹಾಗೆ ಇರುತ್ತಿತ್ತು.

ಈ ಕೆಲಸ ನಾನು ಮಾಡಿಸಿದ್ದು ಎರಡು ಸಲ. ಮೊದಲನೇ ಸಲದ್ದು ಕೆಟ್ಟಿತು.

ಹೋದ ವರ್ಷ ಬೇರೊಂದು ಊರಿನ ಗ್ಯಾರೇಜಿನಲ್ಲಿ ವಿಚಾರಿಸಿದೆ. "ಡೈರೆಕ್ಟ್ ಮಾಡ್ಕೊಡ್ತೀನಿ, ಅರ್ಧ ಗಂಟೆ ಕೆಲಸ" ಅಂದರು. 300 ರೂಪಾಯಿ ತೆಗೆದುಕೊಂಡರು. ಮಾಡಿದ್ದು ಇಷ್ಟೇ: ಲೈಟ್ ಸ್ವಿಚ್ಚಿಗೆ ಬರುತ್ತಿದ್ದ ಹಳದಿ ವಯರ್ ಕಟ್ ಮಾಡಿ, ಆ ಜಾಗಕ್ಕೆ ಚಾವಿಯಿಂದ ಬರುವ ಕಪ್ಪು ವಯರ್ ಜೋಡಿಸಿ ಟೇಪ್ ಸುತ್ತಿದರು. ಹಚ್ಚಿದ ತಕ್ಷಣ ಬೆಳಕು ಎಷ್ಟು ಚೆನ್ನಾಗಿ ಬಂತು ಅಂದರೆ, ಖುಷಿಯಲ್ಲಿ ಹೆಚ್ಚು ಕೇಳಲೇ ಇಲ್ಲ.

ಎರಡು ರಾತ್ರಿ ಏನೂ ತೊಂದರೆ ಇರಲಿಲ್ಲ. ಮೂರನೇ ಸಲ ಹೆಬ್ರಿಯಿಂದ ರಾತ್ರಿ ವಾಪಸ್ ಬರುವಾಗ, ಘಾಟಿ ಹತ್ತಿ ಆಗುಂಬೆ ಪೇಟೆ ದಾಟಿದ ಮೇಲೆ ಲೈಟು ಮೆಲ್ಲಗೆ ಹಳದಿಯಾಯಿತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದವರ ಹಾಗೆ ಸದ್ದು. ಆಮೇಲೆ ಪೂರ್ತಿ ಕತ್ತಲೆ. ಇಂಜಿನ್ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತಿತ್ತು. ಪುಣ್ಯಕ್ಕೆ ಹಿಂದಿನಿಂದ ಒಂದು ಪಿಕಪ್ ಬಂತು. ವಿಷಯ ಹೇಳಿದೆ. ಅವರು ನಿಧಾನಕ್ಕೆ ಮುಂದೆ ಹೋದರು, ಅವರ ಬೆಳಕು ಹಿಡಿದುಕೊಂಡು ನಾನು ಹಿಂದೆ ಬಂದೆ. ಕಾಡಿನ ರಸ್ತೆ, ಮಂಜು ಬೇರೆ. ಮನೆ ಮುಟ್ಟುವ ತನಕ ಜೀವ ಕೈಯಲ್ಲಿತ್ತು.

ಲೆಕ್ಕ ಹಾಕಿದರೆ ಹಾಗೇ ಆಗಬೇಕು. ಹೆಡ್‌ಲೈಟ್ ಬಲ್ಬು 35 ವಾಟ್. 12 ವೋಲ್ಟಿಗೆ ಸುಮಾರು 3 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಲ್ಲಿರುವುದು 2.5 ಆಂಪಿಯರ್ ಅವರ್. ಚಾರ್ಜಿಂಗ್ ಇಲ್ಲದಿದ್ದರೆ ಒಂದು ಗಂಟೆಯೂ ಬರುವುದಿಲ್ಲ. ಚಾರ್ಜಿಂಗ್ ಇದೆ ನಿಜ, ಆದರೆ ಹಳೆ ರೆಗ್ಯುಲೇಟರ್ (ಕಾಯಿಲ್ ಕರೆಂಟನ್ನು ಬ್ಯಾಟರಿಗೆ ಒಪ್ಪುವ ಹಾಗೆ ಮಾಡುವ ಡಬ್ಬಿ) ಎಸಿ ಅಲೆಯ ಒಂದು ಅರ್ಧವನ್ನು ಮಾತ್ರ ಬ್ಯಾಟರಿಗೆ ಕೊಡುತ್ತದೆ. ಇನ್ನರ್ಧ ಇರುವುದು ಲೈಟಿಗೆ. ಆ ಲೈಟನ್ನೇ ಕಿತ್ತು ಬ್ಯಾಟರಿಗೆ ಹಾಕಿದ ಮೇಲೆ ಅರ್ಧ ಕರೆಂಟ್ ದಂಡ. ಬರುವುದು ಕಮ್ಮಿ, ಹೋಗುವುದು ಜಾಸ್ತಿ. ಹೀಗೆ ಮಾಡಿಸುವುದಕ್ಕಿಂತ ಮೊದಲಿದ್ದ ಹಾಗೇ ಬಿಡುವುದು ವಾಸಿ. ಮಂಕು ಬೆಳಕಾದರೂ ಮನೆ ತನಕ ಇರುತ್ತದೆ.

ಈಗ ಸರಿಯಾಗಿ ಮಾಡಿಕೊಟ್ಟವರ ವಿಷಯ. ತೀರ್ಥಹಳ್ಳಿ ಪೇಟೆಯ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಅಂಗಡಿ. ಒಬ್ಬರೇ ಎಲೆಕ್ಟ್ರಿಷಿಯನ್, ಅರವತ್ತರ ಆಸುಪಾಸಿನವರು. ಆಟೋ, ಟಿಲ್ಲರ್, ಜೀಪು ಎಲ್ಲದರ ವಯರಿಂಗ್ ಮಾಡುತ್ತಾರೆ. ಮೊದಲು ಕಾಯಿಲ್ ಸುತ್ತುವ ಕೆಲಸ ಮಾಡಿಕೊಂಡಿದ್ದರಂತೆ. ಅದು ಅವರ ಕೈಯಲ್ಲಿ ಗೊತ್ತಾಗುತ್ತದೆ. ನಾನು ಕತೆ ಹೇಳಿ ಮುಗಿಸುವ ಮುಂಚೆಯೇ ಒಂದು ಪ್ರಶ್ನೆ ಕೇಳಿದರು. "ಅವರು ಮ್ಯಾಗ್ನೆಟ್ ಬಿಚ್ಚಿದ್ರನಾ ಮಾರಾಯ್ರೆ?" ಇಲ್ಲ ಅಂದೆ. "ಹಂಗಾದ್ರೆ ಆ ಕೆಲಸ ಆಗಲೇ ಇಲ್ಲ ಅಂತ ಲೆಕ್ಕ."

ನೀವು ಯಾರ ಹತ್ತಿರ ಹೋದರೂ ಈ ಒಂದು ಪ್ರಶ್ನೆ ಕೇಳಿ. ಯಾಕೆ ಅಂದರೆ ಲೈಟಿನ ಕಾಯಿಲ್‌ನ ಒಂದು ತುದಿ ಒಳಗಡೆಯೇ ಇಂಜಿನ್ನಿನ ಲೋಹದ ಬಾಡಿಗೆ ಅರ್ಥ್ ಆಗಿರುತ್ತದೆ. ಅದು ಹಾಗೇ ಇದ್ದರೆ ಎರಡೂ ಅರ್ಧ ಅಲೆ ಬ್ಯಾಟರಿಗೆ ಸಿಗುವುದಿಲ್ಲ. ಆ ಅರ್ಥ್ ಬಿಡಿಸಬೇಕು, ಆ ತುದಿಗೆ ಬೇರೆ ವಯರ್ ಹಾಕಿ ಹೊರಗೆ ತರಬೇಕು. ಆಗ ಕಾಯಿಲ್‌ನ ಎರಡೂ ತುದಿ ನಮ್ಮ ಕೈಗೆ ಬಂದ ಹಾಗೆ. ಅವೆರಡನ್ನೂ ಅಲೆಯ ಎರಡೂ ಅರ್ಧ ಬಳಸುವ ಫುಲ್ ವೇವ್ ರೆಗ್ಯುಲೇಟರ್‌ಗೆ ಕೊಟ್ಟರೆ ಪೂರ್ತಿ ಕರೆಂಟ್ ಬ್ಯಾಟರಿಗೆ ಹೋಗುತ್ತದೆ. ಕೆಲಸದ ಜೀವ ಇರುವುದು ಇಲ್ಲಿ. ಮಿಕ್ಕಿದ್ದೆಲ್ಲ ವಯರ್ ಜೋಡಿಸುವುದು.

ಬೆಳಿಗ್ಗೆ ಒಂಬತ್ತೂವರೆಗೆ ಗಾಡಿ ಬಿಟ್ಟೆ. ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ಕವರ್ ತೆಗೆದು, ಪುಲ್ಲರ್ ಹಾಕಿ ಮ್ಯಾಗ್ನೆಟ್ ಎಳೆದರು. ಶಾಫ್ಟಿನ ಮೇಲಿದ್ದ ಅರ್ಧಚಂದ್ರದ ಆಕಾರದ ಕೀ ತೆಗೆದು ಒಂದು ಲೋಟಕ್ಕೆ ಹಾಕಿದರು. "ಇದು ಕಳೆದ್ರೆ ಇವತ್ತು ಗಾಡಿ ಇಲ್ಲೇ." ಒಳಗೆ ಒಂದು ಕಾಯಿಲ್ ಮಾತ್ರ ಬೇರೆ ತರ ಇತ್ತು. ದಾರದಷ್ಟು ತೆಳು ತಂತಿ, ಮೇಲೆ ಟೇಪ್ ಸುತ್ತಿದ್ದು. ಅದು ಸಿಡಿಐಗೆ, ಅಂದರೆ ಇಂಜಿನ್ನಿಗೆ ಕಿಡಿ ಕೊಡುವ ಡಬ್ಬಿಗೆ, ಕರೆಂಟ್ ಕೊಡುವ ಕಾಯಿಲ್. ಅದನ್ನು ಅವರು ಮುಟ್ಟಲೇ ಇಲ್ಲ. ಕಿಡಿ ಹಾರುವುದು ಅದರಿಂದ, ಬ್ಯಾಟರಿಯಿಂದ ಅಲ್ಲ. ಅದಕ್ಕೇ ಆ ರಾತ್ರಿ ಲೈಟು ಸತ್ತರೂ ಇಂಜಿನ್ ನಿಲ್ಲಲಿಲ್ಲ.

ಮಿಕ್ಕ ಕಾಯಿಲ್‌ಗಳ ದಪ್ಪ ತಂತಿಯ ಕೊನೆ ಎಲ್ಲಿ ಹೋಗಿದೆ ಅಂತ ಟಾರ್ಚ್ ಬಿಟ್ಟು ಹುಡುಕಿದರು. ಕಬ್ಬಿಣದ ಅಂಚಿನಲ್ಲಿ ಒಂದು ಸಣ್ಣ ತಗಡಿನ ತುಂಡಿಗೆ ಬೆಸುಗೆ ಹಾಕಿತ್ತು. ಅದರ ಮೇಲೆ ಇಪ್ಪತ್ತಾರು ವರ್ಷದ ಎಣ್ಣೆ ಜಿಡ್ಡು. ಪೆಟ್ರೋಲ್ ಹಾಕಿ ಬ್ರಷ್‌ನಲ್ಲಿ ತಿಕ್ಕಿದ ಮೇಲೆ ತಾಮ್ರ ಕಂಡಿತು. ಐರನ್ ಇಟ್ಟು ಬಿಡಿಸಿದರು. ತುದಿಯ ವಾರ್ನಿಷ್ಷನ್ನು ಬ್ಲೇಡಿನಲ್ಲಿ ಕೆರೆದು, ಸೀಸ ಹಚ್ಚಿ, ಬಿಸಿ ತಡೆಯುವ ಹೊಸ ವಯರ್ ಸೇರಿಸಿ ಬೆಸುಗೆ ಹಾಕಿದರು. ಮೇಲೆ ಸ್ಲೀವ್. ಆಮೇಲೆ ಆ ಜಾಯಿಂಟನ್ನು ಕಾಯಿಲ್‌ಗಳ ಸಂದಿಯಲ್ಲಿ ಒತ್ತಿ ಕೂರಿಸಿ, ಹತ್ತಿ ದಾರದಲ್ಲಿ ಬಿಗಿದು ಕಟ್ಟಿ, ದಾರದ ಮೇಲೆ ವಾರ್ನಿಷ್ ಸುರಿದರು. ಯಾಕೆ ಪ್ಲಾಸ್ಟಿಕ್ ಟೈ ಹಾಕಬಾರದಾ ಅಂದೆ. ಬಿಸಿಗೆ ಅದು ಒಣಗಿ ಮುರಿಯುತ್ತದೆ, ಮುರಿದ ತುಂಡು ಮ್ಯಾಗ್ನೆಟ್‌ಗೆ ಸಿಕ್ಕಿದರೆ ಕಾಯಿಲ್ಲೇ ಹೋಗುತ್ತದೆ ಅಂದರು. ವಾರ್ನಿಷ್ ಒಣಗಲು ಗಾಡಿಯನ್ನು ಎರಡು ಗಂಟೆ ಬಿಸಿಲಿಗೆ ಬಿಟ್ಟರು. ಈ ಎರಡು ಗಂಟೆ ಕಾಯುವ ತಾಳ್ಮೆಗೆ ನಾನು ದುಡ್ಡು ಕೊಟ್ಟಿದ್ದು ಅಂತ ನನಗನ್ನಿಸುತ್ತದೆ.

ಕಾಯಿಲ್ ಕೂತಿರುವ ಪ್ಲೇಟ್ ಹೇಗೂ ಬಿಚ್ಚಿದ್ದಾಗಿತ್ತು. ಹಿಂದಿನ ಓ ರಿಂಗ್ ಗಟ್ಟಿಯಾಗಿ ಎಣ್ಣೆ ಜಿನುಗುತ್ತಿತ್ತು. ಅದನ್ನೂ ಆಯಿಲ್ ಸೀಲನ್ನೂ ಹೊಸದು ಹಾಕಿಸಿದೆ. ನೀವೂ ಹಾಕಿಸಿಬಿಡಿ. ಸಣ್ಣ ಖರ್ಚು.

ಮ್ಯಾಗ್ನೆಟ್ ಕೂರಿಸುವ ಮುಂಚೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ಬಿಳಿ ವಯರ್‌ಗೆ, ಇನ್ನೊಂದು ಇಂಜಿನ್ ಬಾಡಿಗೆ ಹಿಡಿದರು. ಸದ್ದು ಬರಲಿಲ್ಲ. ಬರಬಾರದು. ಬಿಳಿಗೂ ಹೊಸ ವಯರ್‌ಗೂ ಹಿಡಿದಾಗ ಬೀಪ್ ಅಂತು. ಈಗ ಕಾಯಿಲ್‌ನ ಯಾವ ತುದಿಯೂ ಬಾಡಿಗೆ ತಾಗುತ್ತಿಲ್ಲ ಅಂತ ಅರ್ಥ. ಹಳೆ ಹಳದಿ ವಯರನ್ನು ಮಡಚಿ ಸ್ಲೀವ್ ಹಾಕಿ ಸುಮ್ನೆ ಒಳಗೇ ಬಿಟ್ಟರು. ಅದನ್ನು ಯಾವ ದೀಪಕ್ಕೂ ಕೊಡಬಾರದು. ಕೊಟ್ಟರೆ ಆ ದೀಪದ ಮೂಲಕ ಕಾಯಿಲ್ ಮತ್ತೆ ಬಾಡಿಗೆ ಸೇರುತ್ತದೆ, ಹೊಸ ರೆಗ್ಯುಲೇಟರ್ ಹಾಳಾಗುತ್ತದೆ. ಹೆಡ್‌ಲೈಟು ಒಂದೇ ಅಲ್ಲ, ಹಿಂದಿನ ದೀಪ, ಮೀಟರ್ ದೀಪ ಎಲ್ಲವೂ ಬ್ಯಾಟರಿ ಕಡೆಗೆ ಬರಬೇಕು.

ಇನ್ನು ವಯರಿಂಗ್. ಎರಡು ರಿಲೇ (ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್ಚು) ಹಾಕಿದರು, ಬ್ರೈಟಿಗೆ ಒಂದು, ಡಿಮ್ಮಿಗೆ ಒಂದು. ಹಳೆ ಸ್ವಿಚ್ಚಿನ ವಯರ್ ರಿಲೇಯನ್ನು ಎಬ್ಬಿಸುತ್ತದೆ ಅಷ್ಟೇ. ಬಲ್ಬಿಗೆ ಕರೆಂಟ್ ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ ದಪ್ಪ ವಯರ್‌ನಲ್ಲಿ ಬರುತ್ತದೆ. ಅರ್ಥ್ ವಯರ್ ಕೂಡ ಬೇರೆಯದೇ, ಬ್ಯಾಟರಿ ಮೈನಸ್‌ಗೆ. ಇದು ದುಬಾರಿ ಶೋಕಿ ಅಂದುಕೊಂಡಿದ್ದೆ. ಅವರು ರಿಲೇ ಇಲ್ಲದೆ ಒಂದು ಸಲ ಹಚ್ಚಿ ತೋರಿಸಿದರು. ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದರೆ ಬಲ್ಬಿನ ಹೋಲ್ಡರ್‌ನಲ್ಲಿ ಸಿಕ್ಕಿದ್ದು 11.1. ರಿಲೇ ಹಾಕಿದ ಮೇಲೆ 12.1. ಆ ಒಂದು ವೋಲ್ಟ್ ಸವೆದ ಸ್ವಿಚ್ಚಿನಲ್ಲೂ ಹಳೆ ವಯರ್‌ನಲ್ಲೂ ಬಿಸಿಯಾಗಿ ಹೋಗುತ್ತಿತ್ತು. ಗೋಡೆ ಮೇಲೆ ಬೆಳಕಿನ ವ್ಯತ್ಯಾಸ ಬರಿಗಣ್ಣಿಗೇ ಕಂಡಿತು.

ನಮ್ಮ ಮಳೆಗೆ ರಿಲೇ ಉಳಿಯುತ್ತದಾ ಅನ್ನುವ ಅನುಮಾನ ನನಗಿತ್ತು. ಅವರು ರಿಲೇಗಳನ್ನು ಕಾಲು ಕೆಳಗಾಗಿ ನಿಲ್ಲಿಸಿ, ಮೇಲಿನಿಂದ ಹಳೆ ಬೈಕ್ ಟ್ಯೂಬಿನ ತುಂಡನ್ನು ಟೋಪಿ ಹಾಗೆ ಹಾಕಿ, ಟ್ಯಾಂಕ್ ಅಡಿಯಲ್ಲಿ ಕಟ್ಟಿದರು. ನೀರು ಬಂದರೂ ಇಳಿದು ಹೋಗುತ್ತದೆ, ನಿಲ್ಲುವುದಿಲ್ಲ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಆಗುಂಬೆ ಮಳೆಯಲ್ಲಿ ನೆನೆದಿದೆ. ಒಂದು ಸಲವೂ ತೊಂದರೆ ಕೊಟ್ಟಿಲ್ಲ.

ನಮ್ಮ ಮನೆ ಪಂಪ್‌ಸೆಟ್ ರಿಪೇರಿಗೆ ಅಂತ ಇಟ್ಟುಕೊಂಡ ಮಲ್ಟಿಮೀಟರ್‌ನಲ್ಲಿ ಹಿಂದೆ, ಮುಂದೆ ಎರಡೂ ಅಳೆದು ಬರೆದಿಟ್ಟಿದ್ದೆ. ಮೊದಲು ಎಸಿ ಇದ್ದಾಗ ಇಂಜಿನ್ ಸ್ಲೋದಲ್ಲಿ ಬಲ್ಬಿಗೆ 7 ವೋಲ್ಟ್ ಆಸುಪಾಸು. ಅದಕ್ಕೇ ಆ ಕೆಂಪು ಬೆಳಕು. ಈಗ ಲೈಟು ಹಚ್ಚಿ ಸ್ಲೋದಲ್ಲಿ ಬಿಟ್ಟರೆ ಬ್ಯಾಟರಿಯಲ್ಲಿ 12.2. ಸ್ವಲ್ಪ ರೈಸ್ ಮಾಡಿದರೆ 13.4. ಪೂರ್ತಿ ರೈಸ್ ಮಾಡಿದರೂ 14.2ಕ್ಕೆ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಈ ಕೊನೆಯ ಸಂಖ್ಯೆಯನ್ನು ನೀವೂ ನೋಡಲೇಬೇಕು. 15 ದಾಟಿದರೆ ರೆಗ್ಯುಲೇಟರ್ ಸರಿಯಿಲ್ಲ, ಬ್ಯಾಟರಿ ಬೆಂದು ಹೋಗುತ್ತದೆ.

ಬಲ್ಬಿನ ವಿಷಯದಲ್ಲಿ ನಾನೂ ಅವರೂ ಸ್ವಲ್ಪ ಎಳೆದಾಡಿದೆವು. ಹೇಗೂ ಬ್ಯಾಟರಿ ಆಯಿತಲ್ಲ, 60/55 ವಾಟ್ ಹಾಕಿ ಅಂದೆ. ಅವರು ಒಪ್ಪಲಿಲ್ಲ. ಅದು 5 ಆಂಪಿಯರ್ ಕೇಳುತ್ತದೆ. ಈ 97.2 ಸಿಸಿ ಗಾಡಿಯ ಕಾಯಿಲ್ ಅಷ್ಟು ದುಡಿಯುವುದಿಲ್ಲ. ಮತ್ತೆ ಹಳೆ ಕತೆಯೇ ಆಗುತ್ತದೆ. ಎಲ್‌ಇಡಿ ಕೇಳಿದೆ. "ಬಲ್ಬು ಈ ಡೂಮಿಗೆ ಕೂರ್ತದೆ, ಬೆಳಕು ಕೂರಲ್ಲ" ಅಂದರು. ಡೂಮ್ ಅಂದರೆ ಬಲ್ಬಿನ ಬೆಳಕನ್ನು ಮುಂದಕ್ಕೆ ತಿರುಗಿಸುವ ಬಟ್ಟಲು. ಹ್ಯಾಲೊಜೆನ್‌ಗೆ ಮಾಡಿದ ಡೂಮಿನಲ್ಲಿ ಎಲ್‌ಇಡಿ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ನೇಹಿತನ ಗಾಡಿಯಲ್ಲಿ ನಾನೇ ನೋಡಿದ್ದೇನೆ, ಮಂಜಿನಲ್ಲಿ ಆ ಬಿಳಿ ಬೆಳಕು ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ ಮಾಡುತ್ತದೆ. ಕೊನೆಗೆ ಒಳ್ಳೆ ಕಂಪನಿಯ 35/35 ಹ್ಯಾಲೊಜೆನ್ ಹೊಸದು ಹಾಕಿದ್ದು. ಮಸುಕಾಗಿದ್ದ ಡೂಮ್ ಕೂಡ ಬದಲಾಯಿಸಿದೆ. ಈಗ ಇದೇ ಸರಿ ಅನ್ನಿಸುತ್ತದೆ.

ಓಡಿಸಿದ ಅನುಭವ ಹೇಳುವುದಾದರೆ, ನೇರ ರಸ್ತೆಯಲ್ಲಿ ಮೊದಲಿಗಿಂತ ಭಾರೀ ಹೆಚ್ಚೇನೂ ಇಲ್ಲ. ಸ್ವಲ್ಪ ಬಿಳುಪು, ಸ್ವಲ್ಪ ದೂರ. ವ್ಯತ್ಯಾಸ ಇರುವುದು ನಿಧಾನಕ್ಕೆ ಹೋಗುವಾಗ. ಜುಲೈನಲ್ಲಿ ಒಂದು ಸಂಜೆ ಏಳೂವರೆಗೆ ಘಾಟಿ ಇಳಿಯುತ್ತಿದ್ದೆ. ಜಡಿಮಳೆ. ಒಂದು ತಿರುವಿನಲ್ಲಿ ಕ್ಲಚ್ ಹಿಡಿದು ಬ್ರೇಕ್ ಮೇಲೆ ಬರುವಾಗ ರಸ್ತೆ ಅಂಚಿನಲ್ಲಿ ಕಾಟಿ (ಕಾಡುಕೋಣ) ನಿಂತಿತ್ತು. ಮೊದಲು ಕಂಡಿದ್ದು ಮೊಣಕಾಲಿನಿಂದ ಕೆಳಗಿನ ಬಿಳಿ ಕಾಲುಗಳು, ಸಾಕ್ಸ್ ಹಾಕಿದ ಹಾಗೆ. ಗಾಡಿ ನಿಲ್ಲಿಸಿದೆ. ಇಂಜಿನ್ ಸ್ಲೋದಲ್ಲಿ ತಟತಟ ಅನ್ನುತ್ತಿತ್ತು, ಬೆಳಕು ಒಂದಿಷ್ಟೂ ಅಲ್ಲಾಡದೆ ಆ ಕಾಲುಗಳ ಮೇಲೇ ಇತ್ತು. ಅದು ನೋಡಿತು, ಮೆಲ್ಲಗೆ ಕೆಳಗಿನ ಕಾಡಿಗೆ ಇಳಿಯಿತು. ಹಳೆ ಲೈಟಿನಲ್ಲಾಗಿದ್ದರೆ ಹತ್ತಿರ ಹೋಗುವ ತನಕ ಅದು ನನಗೆ ಕಾಣುತ್ತಿರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ.

ಕೊರತೆಗಳೂ ಇವೆ. ಸ್ಲೋದಲ್ಲಿ ತುಂಬಾ ಹೊತ್ತು ಲೈಟು ಹಚ್ಚಿ ನಿಲ್ಲಿಸಿದರೆ ಬ್ಯಾಟರಿ ಮೆಲ್ಲಗೆ ಇಳಿಯುತ್ತದೆ. ಓಡಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ರೈಲ್ವೆ ಗೇಟಿನಲ್ಲೋ ಜಾತ್ರೆ ಜನದಲ್ಲೋ ಹತ್ತು ನಿಮಿಷ ನಿಲ್ಲುವುದಾದರೆ ಇಂಜಿನ್ನೂ ಲೈಟೂ ಆಫ್ ಮಾಡಿಬಿಡಿ. ಇನ್ನೊಂದು, ಮೊದಲೆಲ್ಲ ಇಂಜಿನ್ ಆಫ್ ಆದರೆ ಹೆಡ್‌ಲೈಟೂ ಆಫ್. ಈಗ ಚಾವಿ ಆನ್ ಇದ್ದರೆ ಉರಿಯುತ್ತಲೇ ಇರುತ್ತದೆ. ಅಪ್ಪ ಒಂದು ಸಲ ತೋಟದಲ್ಲಿ ಚಾವಿ ಹಾಗೇ ಬಿಟ್ಟು ಹೋಗಿದ್ದರು, ಬ್ಯಾಟರಿ ಪೂರ್ತಿ ಇಳಿದಿತ್ತು. ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಯಿತು, ಮನೆಗೆ ಬಂದು ಚಾರ್ಜ್ ಮಾಡಿದೆವು. ಬ್ಯಾಟರಿ ಬಿಚ್ಚಿಟ್ಟು ಲೈಟು ಹಚ್ಚಿ ಓಡಿಸಬೇಡಿ ಅಂತ ಎಲೆಕ್ಟ್ರಿಷಿಯನ್ ಎರಡೆರಡು ಸಲ ಹೇಳಿದ್ದಾರೆ, ವೋಲ್ಟ್ ಏರುಪೇರಾಗಿ ಬಲ್ಬುಗಳು ಹೋಗುತ್ತವೆ. ಅಂದರೆ ಇನ್ನು ಮೇಲೆ ಬ್ಯಾಟರಿಯನ್ನು ನೋಡಿಕೊಳ್ಳಲೇಬೇಕು. ವರ್ಷಗಟ್ಟಲೆ ಸತ್ತ ಬ್ಯಾಟರಿಯಲ್ಲೇ ಓಡಿಸುವ ಅಭ್ಯಾಸ ಇದ್ದವರಿಗೆ ಈ ಕೆಲಸ ಬೇಡ.

ಅಂಗಡಿಯ ಬಗ್ಗೆಯೂ ಒಂದು ದೂರು ಇದೆ. ಬಿಲ್ ಕೊಡುವುದಿಲ್ಲ, ಬರೆದ ಚೀಟಿ ಮಾತ್ರ. ಯಾವ ವಯರ್ ಎಲ್ಲಿಗೆ ಹೋಗಿದೆ ಅಂತ ಒಂದು ನಕ್ಷೆ ಬರೆದುಕೊಡಿ ಅಂದರೆ "ನನ್ನ ತಲೇಲಿದೆ" ಅಂದರು. ನಾಳೆ ಬೇರೆ ಊರಿನಲ್ಲಿ ಕೆಟ್ಟರೆ ಬೇರೆ ಮೆಕ್ಯಾನಿಕ್‌ಗೆ ಹೇಗೆ ಗೊತ್ತಾಗಬೇಕು ಅಲ್ವಾ? ನಾನೇ ಪಕ್ಕದಲ್ಲಿ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡು, ಅವರಿಗೆ ತೋರಿಸಿ ಸರಿ ಮಾಡಿಸಿಕೊಂಡೆ. ಅದನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಸೈಡ್ ಬಾಕ್ಸಿನಲ್ಲಿ ಇಟ್ಟಿದ್ದೇನೆ.

ಖರ್ಚು ಹೀಗೆ ಬಂತು. ಫುಲ್ ವೇವ್ ರೆಗ್ಯುಲೇಟರ್ 650. ಎರಡು ರಿಲೇ, ಹೋಲ್ಡರ್ ಸೇರಿ 280. ವಯರ್, ಸ್ಲೀವ್, ಫ್ಯೂಸ್ 210. ಓ ರಿಂಗ್ ಮತ್ತು ಸೀಲ್ 120. ನೀರು ಹಾಕುವ ಹಳೆ ಬ್ಯಾಟರಿ ಬದಲು ಸೀಲ್ ಮಾಡಿದ 4 ಆಂಪಿಯರ್ ಅವರ್‌ನದು 1,250, ಡಬ್ಬಿಯಲ್ಲಿ ಸ್ವಲ್ಪ ಬಿಗಿಯಾಗಿ ಕೂತಿದೆ. ಮಜೂರಿ 800. ಒಟ್ಟು 3,310 ರೂಪಾಯಿ. ಬಲ್ಬು, ಡೂಮ್ ಬೇರೆ. ಇಡೀ ದಿನದ ಕೆಲಸಕ್ಕೆ 800 ಕಮ್ಮಿಯೇ. ನಾನು 1,000 ಕೊಟ್ಟೆ, ಅವರು 200 ವಾಪಸ್ ಕೊಟ್ಟರು.

ಬಿಚ್ಚಿದ ಹಳೆ ರೆಗ್ಯುಲೇಟರನ್ನು ಒರೆಸಿ, ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. "ಇದು ಒಳ್ಳೇದೇ ಇದೆ, ಎಸಿಬೇಡಿ, ಬೇರೆ ಯಾರ ಗಾಡಿಗಾದ್ರೂ ಆಗ್ತದೆ" ಅಂದರು. ಪಕ್ಕದ ಮನೆಯವರ ಸ್ಪ್ಲೆಂಡರ್‌ಗೆ ಚಾರ್ಜಿಂಗ್ ಬರುತ್ತಿರಲಿಲ್ಲ. ಹೋದ ವಾರ ಅವರಿಗೆ ಅದನ್ನು ಕೊಟ್ಟೆ, ಈಗ ಅವರ ಹಾರ್ನ್ ಕೂಗುತ್ತಿದೆ.